ಹಳೆಯ ತೊಟ್ಟಿಲು, ಹೊಸ ಕೂಸು

ಮಗು ಹುಟ್ಟುವ ಮನೆಯಲ್ಲಿ ತೊಟ್ಟಿಲಿನ ಮಾತು ಬಾರದೆ ಇರುವುದಿಲ್ಲ. ಹೊಸ ತೊಟ್ಟಿಲನ್ನು ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅನುಕೂಲವಿದ್ದವರೂ ಹಲವು ಮಕ್ಕಳು ಮಲಗಿ ಬೆಳೆದ ತೊಟ್ಟಿಲೇ ಶುಭವೆಂದು ಭಾವಿಸಿ, ಅಟ್ಟದ ಮೇಲಿರುವುದನ್ನು ಇಳಿಸುತ್ತಾರೆ. ಇಲ್ಲವೆ ನೆಂಟರ ಮನೆಯಿಂದ ತರಿಸುತ್ತಾರೆ. ಮತ್ತೆ ಕೆಲವರು ಸಂತೆಯಲ್ಲಿಯೋ ಹಳೆಯ ಸಾಮಾನಿನ ಅಂಗಡಿಯಲ್ಲಿಯೋ ಕಡಮೆ ಬೆಲೆಗೆ ಕೊಳ್ಳುತ್ತಾರೆ. ಮಿತವ್ಯಯದ ದೃಷ್ಟಿಯಿಂದ ಇದು ಮೆಚ್ಚತಕ್ಕ ಕ್ರಮವೇ ಸರಿ. ಒಳ್ಳೆಯ ಮರದ ತೊಟ್ಟಿಲು ಎರಡು ಮೂರು ತಲೆಮಾರುಗಳವರೆಗೆ ಬಾಳುತ್ತದೆ. ಆದರೆ ಅದನ್ನು ಹೊಸದಾಗಿ ಕಾಣುವಂತೆ ಮಾಡುವ ಕೆಲಸದಲ್ಲಿ, ತಿಳಿವಳಿಕೆಯ ಕೊರತೆಯಿಂದ, ಕೂಸಿಗೂ ತಾಯಿಗೂ ಕೇಡಾಗುವ ಸಂಭವವುಂಟು. ಅದನ್ನು ತಪ್ಪಿಸುವ ಬಗೆಯನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಒಂದು ಮನೆಯ ದೃಶ್ಯವನ್ನು ಕಲ್ಪಿಸಿಕೊಳ್ಳೋಣ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹೆರಿಗೆಯು ಸುಖವಾಗಿ ಆಗಿದೆ. ನಾಮಕರಣಕ್ಕೆ ಎರಡೇ ದಿನಗಳು ಉಳಿದಿವೆ. ಮಗುವಿನ ತಾತ ಅಟ್ಟದಿಂದ ತೊಟ್ಟಿಲನ್ನು ಇಳಿಸುತ್ತಾರೆ. ಅದರ ಹಳದಿ, ಕೆಂಪು ಬಣ್ಣಗಳು ಚಕ್ಕೆ ಚಕ್ಕೆಯಾಗಿ ಎದ್ದಿವೆ. ಅವರು ಪಡಸಾಲೆಯಲ್ಲಿಯೇ ಕುಳಿತು ಉಪ್ಪುಕಾಗದದಿಂದ ಅದನ್ನು ಉಜ್ಜಲು ತೊಡಗುತ್ತಾರೆ. ಎದ್ದ ಧೂಳು ಪಕ್ಕದ ಬಾಣಂತಿ ಕೋಣೆಯವರೆಗೂ ಹರಡುತ್ತದೆ. ತೊಟ್ಟಿಲಿನ ಮುರಿದ ಪಟ್ಟಿಗಳನ್ನು ಅಜ್ಜಿ ಹಂಡೆಯ ಒಲೆಗೆ ಹಾಕಿ, ಬಾಣಂತಿಯ ಸ್ನಾನಕ್ಕೆ ನೀರು ಕಾಯಿಸುತ್ತಾರೆ.

ಇಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೂ ಮೂರು ತಪ್ಪುಗಳು ನಡೆದಿವೆ. ಕೆಲಸಕ್ಕೆ ಆರಿಸಿದ ಹೊತ್ತು ತಪ್ಪು. ಬಣ್ಣವನ್ನು ಒಣಗಿದಂತೆಯೇ ಉಜ್ಜಿದ್ದು ತಪ್ಪು. ಬಣ್ಣ ಹತ್ತಿದ ಮರವನ್ನು ಸುಟ್ಟಿದ್ದು ತಪ್ಪು. ಈ ಮೂರೂ ಏಕೆ ತಪ್ಪೆಂಬುದನ್ನು ವಿಚಾರಿಸೋಣ.

ಬಣ್ಣದಲ್ಲಿ ಅಡಗಿರುವ ಸೀಸ

ಬಹು ಕಾಲದಿಂದ ಎಣ್ಣೆಬಣ್ಣಗಳಿಗೆ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ಸೀಸವು ಬಣ್ಣಕ್ಕೆ ಹೊಳಪನ್ನೂ ಬಾಳಿಕೆಯನ್ನೂ ಕೊಡುತ್ತದೆ; ಬೇಗ ಒಣಗುವಂತೆಯೂ ಮಾಡುತ್ತದೆ. ಎದ್ದು ಕಾಣುವ ಹಳದಿ, ಕಿತ್ತಳೆ ಬಣ್ಣಗಳಲ್ಲಿಯೂ ಹಳದಿ ಬೆರೆತ ಹಸಿರು ಬಣ್ಣದಲ್ಲಿಯೂ ಸೀಸವು ಹೆಚ್ಚಾಗಿರುತ್ತಿತ್ತು. ಕಬ್ಬಿಣದ ತೊಟ್ಟಿಲುಗಳಿಗೆ ತುಕ್ಕು ಹಿಡಿಯದಂತೆ ಮೊದಲು ಬಳಿಯುತ್ತಿದ್ದ ಕೆಂಪು ಲೇಪವೂ ಅನೇಕ ವೇಳೆ ಸೀಸದ್ದೇ ಆಗಿರುತ್ತಿತ್ತು.

ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣಗಳನ್ನು 1978ರಲ್ಲಿಯೇ ನಿಷೇಧಿಸಲಾಯಿತು. ಭಾರತ ಸರ್ಕಾರವು 2016ರಲ್ಲಿ ನಿಯಮಗಳನ್ನು ಹೊರಡಿಸಿ, ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಗಳಿಗೆ 90 ಭಾಗಗಳನ್ನು ಮೀರಿ ಸೀಸವಿರಕೂಡದೆಂದು ವಿಧಿಸಿತು. 2017ರ ನವೆಂಬರ್ ತಿಂಗಳಿನಿಂದ ತಯಾರಕರು ಈ ಮಿತಿಯನ್ನು ಪಾಲಿಸಬೇಕಾಯಿತು. ಇದರಿಂದ ತಿಳಿಯಬೇಕಾದುದೇನೆಂದರೆ, ಅದಕ್ಕೆ ಮುಂಚೆ ಬಣ್ಣ ಬಳಿದ ತೊಟ್ಟಿಲು, ಮಂಚ, ಕಪಾಟು, ಕಿಟಕಿ, ಬಾಗಿಲುಗಳಲ್ಲಿ ಸೀಸವಿರುವ ಸಾಧ್ಯತೆ ಇದೆ. ಕಣ್ಣಿನಿಂದ ನೋಡಿಯಾಗಲಿ, ಮೂಸಿಯಾಗಲಿ ಇದನ್ನು ಕಂಡುಹಿಡಿಯಲಾಗದು. ಆದುದರಿಂದ ಹಳೆಯ ಬಣ್ಣವೆಲ್ಲವನ್ನೂ ಸೀಸದ ಬಣ್ಣವೆಂದೇ ಎಣಿಸಿ ನಡೆಯುವುದು ಜಾಣತನ.

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣಕ್ಕಿಂತ ಪುಡಿಯಾದ ಬಣ್ಣದಿಂದ ಅಪಾಯ ಹೆಚ್ಚು. ಒಣಗಿದ ಬಣ್ಣವನ್ನು ಉಜ್ಜಿದಾಗ ಏಳುವ ಧೂಳು ಬಹಳ ಸೂಕ್ಷ್ಮವಾದುದು. ಅದು ಉಸಿರಿನೊಡನೆ ಒಳಗೆ ಹೋಗುತ್ತದೆ. ನೆಲದ ಮೇಲೆ, ಹಾಸಿಗೆಯ ಮೇಲೆ, ಕಾಳಿನ ಮೊರದ ಮೇಲೆ ಕೂರುತ್ತದೆ. ಬೆಂಕಿಗೆ ಹಾಕಿದರೆ ಮರ ಸುಡುತ್ತದೆಯೇ ಹೊರತು ಸೀಸವು ನಾಶವಾಗುವುದಿಲ್ಲ. ಸ್ವಲ್ಪ ಹೊಗೆಯೊಡನೆ ಹರಡುತ್ತದೆ. ಉಳಿದುದು ಬೂದಿಯಲ್ಲಿ ನಿಲ್ಲುತ್ತದೆ. ಆ ಬೂದಿಯಿಂದ ಪಾತ್ರೆ ಬೆಳಗಿದರೆ ಸೀಸವು ಅಡುಗೆಮನೆಯನ್ನೂ ಸೇರುತ್ತದೆ.

ಶಿಶುವಿಗೂ ತಾಯಿಗೂ ಆಗುವ ಕೇಡು

ಸೀಸವು ಶರೀರಕ್ಕೆ ಯಾವ ಉಪಯೋಗವೂ ಇಲ್ಲದ ವಿಷವಸ್ತು. ಇಷ್ಟು ಪ್ರಮಾಣದ ಸೀಸವು ನಿರಪಾಯವೆಂದು ಹೇಳುವಂತಹ ಮಿತಿ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಹೊಟ್ಟೆಗೆ ಸೇರಿದ ಸೀಸವನ್ನು ದೊಡ್ಡವರ ಶರೀರವು ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಎಳೆಯ ಮಕ್ಕಳ ಶರೀರವು ಹೀರಿಕೊಳ್ಳುತ್ತದೆ. ಮಗುವು ಕೈಯನ್ನು ಬಾಯಿಗಿಡುವುದು ಸಹಜ. ಹಲ್ಲು ಬರುವ ಕಾಲದಲ್ಲಿ ತೊಟ್ಟಿಲಿನ ಅಂಚನ್ನು ಚೀಪುವುದೂ ಕಚ್ಚುವುದೂ ಸಹಜ. ಹೀಗೆ ದಿನವೂ ಸ್ವಲ್ಪ ಸ್ವಲ್ಪವಾಗಿ ಸೀಸವು ಒಳಸೇರುತ್ತದೆ.

ಇದರ ಕೇಡು ಮುಖ್ಯವಾಗಿ ಬೆಳೆಯುತ್ತಿರುವ ಮೆದುಳಿಗೆ. ಮಗುವಿನ ಗ್ರಹಣಶಕ್ತಿಯು ಕುಂದುತ್ತದೆ; ಒಂದೆಡೆ ಮನಸ್ಸನ್ನು ನಿಲ್ಲಿಸುವುದು ಕಷ್ಟವಾಗುತ್ತದೆ. ರಕ್ತಹೀನತೆ, ಹಸಿವಿಲ್ಲದಿರುವುದು, ಹೊಟ್ಟೆನೋವು, ಮಲಬದ್ಧತೆ, ಸಿಡುಕುತನ ಇವೂ ಕಾಣಿಸಿಕೊಳ್ಳಬಹುದು. ಪ್ರಮಾಣವು ಬಹಳ ಹೆಚ್ಚಾದರೆ ಫಿಟ್ಸ್ ಬರಬಹುದು; ಪ್ರಾಣಾಪಾಯವೂ ಆಗಬಹುದು. ಆದರೆ ಬಹುಪಾಲು ಮಕ್ಕಳಲ್ಲಿ ಮೊದಮೊದಲು ಯಾವ ಲಕ್ಷಣವೂ ತೋರುವುದಿಲ್ಲ. ಮುಂದೆ ಶಾಲೆಯಲ್ಲಿ ಮಗು ಹಿಂದುಳಿದಾಗ ತಂದೆತಾಯಿಗಳು ಅದರ ಹಣೆಬರಹವನ್ನು ಹಳಿಯುತ್ತಾರೆ. ಇಲ್ಲವೆ ಮಗುವನ್ನೇ ಬೈಯುತ್ತಾರೆ. ಮೆದುಳಿಗೆ ಒಮ್ಮೆ ಆದ ಹಾನಿಯನ್ನು ಔಷಧದಿಂದ ಸರಿಪಡಿಸುವುದು ಸಾಧ್ಯವಿಲ್ಲ. ತಡೆಯುವುದೊಂದೇ ದಾರಿ.

ಗರ್ಭಿಣಿಯ ರಕ್ತದಲ್ಲಿರುವ ಸೀಸವು ಕಸದ ಮೂಲಕ ಗರ್ಭಸ್ಥ ಶಿಶುವನ್ನು ಮುಟ್ಟುತ್ತದೆ. ಹಿಂದೆಂದೋ ಶರೀರವನ್ನು ಸೇರಿ ಮೂಳೆಗಳಲ್ಲಿ ಸಂಗ್ರಹವಾಗಿದ್ದ ಸೀಸವೂ ಗರ್ಭಧಾರಣೆಯ ಕಾಲದಲ್ಲಿ ಸುಣ್ಣದಂಶದೊಡನೆ ಕರಗಿ ರಕ್ತಕ್ಕೆ ಬರುತ್ತದೆ. ಗರ್ಭಪಾತ, ದಿನ ತುಂಬುವ ಮುನ್ನ ಹೆರಿಗೆ, ಕಡಮೆ ತೂಕದ ಮಗು ಇವುಗಳ ಸಂಭವ ಇದರಿಂದ ಹೆಚ್ಚುತ್ತದೆ. ಆದುದರಿಂದ ಗರ್ಭಿಣಿಯು ಹಳೆಯ ಬಣ್ಣವನ್ನು ಕೆರೆಯುವ ಕೆಲಸವನ್ನು ಮಾಡಲೇಕೂಡದು. ಅದು ನಡೆಯುವ ಸ್ಥಳದ ಬಳಿಯೂ ಸುಳಿಯಕೂಡದು.

ಯಾವಾಗ, ಎಲ್ಲಿ, ಯಾರು?

ಹೆರಿಗೆಗೆ ಮೊದಲೇ ತೊಟ್ಟಿಲನ್ನು ಸಿದ್ಧಪಡಿಸುವುದು ಒಳ್ಳೆಯದಲ್ಲವೆಂಬ ನಂಬಿಕೆ ಅನೇಕ ಕುಟುಂಬಗಳಲ್ಲಿ ಉಂಟು. ಇದರ ಪರಿಣಾಮವಾಗಿ ಎಲ್ಲ ಕೆಲಸವೂ ಹೆರಿಗೆಗೂ ನಾಮಕರಣಕ್ಕೂ ನಡುವಣ ಹತ್ತು ಹನ್ನೆರಡು ದಿನಗಳಲ್ಲಿ, ಅಂದರೆ ಹಸುಗೂಸು ಮನೆಯಲ್ಲಿರುವಾಗಲೇ, ನಡೆಯುತ್ತದೆ. ಧೂಳಿನ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಬೇರೊಂದಿಲ್ಲ.

ಹಿರಿಯರ ಮನಸ್ಸನ್ನು ನೋಯಿಸದೆ ಇದಕ್ಕೆ ದಾರಿ ಕಂಡುಕೊಳ್ಳಬಹುದು. ಐದಾರು ತಿಂಗಳು ತುಂಬಿದಾಗಲೇ ತೊಟ್ಟಿಲನ್ನು ಬಡಗಿಯ ಕೊಟ್ಟಿಗೆಗೋ ಹೊಲದ ಮನೆಗೋ ಸಾಗಿಸಿ, ಅಲ್ಲಿಯೇ ಕೆಲಸವನ್ನು ಪೂರೈಸಿ, ಅಲ್ಲಿಯೇ ಇರಿಸಿ. ನಾಮಕರಣದ ದಿನವೇ ಅದು ಮನೆಯ ಹೊಸ್ತಿಲನ್ನು ದಾಟಲಿ. ಸಂಪ್ರದಾಯವೂ ಉಳಿಯಿತು, ಮಗುವೂ ಉಳಿಯಿತು. ಹೊಸ ಲೇಪದ ವಾಸನೆ ಆರಿಹೋಗಲೂ ಇದರಿಂದ ಕಾಲಾವಕಾಶ ದೊರೆಯುತ್ತದೆ.

ಕೆಲಸದ ಸ್ಥಳವು ಬಯಲಿನಲ್ಲಿರಲಿ. ಬಾವಿ, ಕೊಳಾಯಿ, ಕಣ, ದನದ ಕೊಟ್ಟಿಗೆ, ಮೇವಿನ ಬಣವೆ ಇವುಗಳಿಂದ ದೂರವಿರಲಿ. ದನಕರುಗಳು ಬಣ್ಣದ ಚಕ್ಕೆಗಳನ್ನು ನೆಕ್ಕಿ ಸೀಸದ ವಿಷಕ್ಕೆ ತುತ್ತಾಗುವುದುಂಟು. ಕೋಳಿಗಳು ಅವನ್ನು ಕುಕ್ಕಿ ತಿಂದರೆ ಮೊಟ್ಟೆಯಲ್ಲಿಯೂ ಸೀಸ ಬರುತ್ತದೆ. ಮಣ್ಣಿನಲ್ಲಿ ಬೆರೆತ ಸೀಸವು ಕೊಳೆತು ಹೋಗುವುದಿಲ್ಲ; ವರ್ಷಾನುಗಟ್ಟಲೆ ಅಲ್ಲಿಯೇ ಉಳಿಯುತ್ತದೆ.

ಈ ಕೆಲಸವನ್ನು ಮಗುವಿನ ತಂದೆ ಅಥವಾ ಬಡಗಿ ಮಾಡಬಹುದು. ಬಡಗಿಗೆ ವಹಿಸಿದರೂ ಮುಂದೆ ಹೇಳುವ ಕ್ರಮವನ್ನು ಅವನಿಗೆ ತಿಳಿಸಬೇಕು. ಅವನ ಮನೆಯಲ್ಲಿಯೂ ಮಕ್ಕಳಿರುತ್ತಾರೆ.

ಮೊದಲು ಪರೀಕ್ಷೆ, ಆಮೇಲೆ ದುರಸ್ತಿ

ಬಣ್ಣದ ಯೋಚನೆಗೆ ಮುನ್ನ ತೊಟ್ಟಿಲು ಗಟ್ಟಿಯಾಗಿದೆಯೇ ಎಂಬುದನ್ನು ನೋಡಬೇಕು.

1. ಮರಕ್ಕೆ ಗೆದ್ದಲು ಹಿಡಿದಿದ್ದರೆ, ಇಲ್ಲವೆ ಹುಳು ಕೊರೆದು ಪುಡಿ ಉದುರುತ್ತಿದ್ದರೆ ಆ ತೊಟ್ಟಿಲನ್ನು ಬಿಟ್ಟುಬಿಡುವುದೇ ಲೇಸು.

2. ಕೀಲುಗಳನ್ನು ಅಲುಗಾಡಿಸಿ ನೋಡಿ. ಹೊರಚಾಚಿದ ಮೊಳೆ, ಸೀಳಿದ ಮರ, ಸವೆದ ಕೊಂಡಿ, ಹಳೆಯ ಹಗ್ಗ ಇವನ್ನು ಬದಲಾಯಿಸಿ. ತೂಗುತೊಟ್ಟಿಲಾದರೆ ಮಗುವಿನ ಭಾರಕ್ಕಿಂತ ಹಲವು ಪಟ್ಟು ಭಾರದ ಧಾನ್ಯದ ಚೀಲವನ್ನಿಟ್ಟು ತೂಗಿ ಪರೀಕ್ಷಿಸಿ.

3. ಪಕ್ಕದ ಕಡ್ಡಿಗಳ ನಡುವಣ ಅಂತರವು 6 ಸೆಂಟಿಮೀಟರನ್ನು ಮೀರಕೂಡದು. ಹೆಚ್ಚು ಅಂತರವಿದ್ದರೆ ಮಗುವಿನ ಮೈ ಜಾರಿ ತಲೆಯು ಸಿಕ್ಕಿಕೊಳ್ಳಬಹುದು. ಅಂತಹ ಕಡೆ ನಡುವೆ ಇನ್ನೊಂದು ಕಡ್ಡಿಯನ್ನು ಜೋಡಿಸಬೇಕು.

4. ಬಣ್ಣವು ಎಲ್ಲಿಯೂ ಏಳದೆ ಗಟ್ಟಿಯಾಗಿದ್ದರೆ ಅದನ್ನು ಕೆರೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹೊಸ ಲೇಪದಿಂದ ಪೂರ್ಣವಾಗಿ ಮುಚ್ಚಬಹುದು. ಆದರೆ ಮಗುವಿನ ಬಾಯಿಗೆ ಎಟುಕುವ ಅಂಚುಗಳಲ್ಲಿ ಹಳೆಯ ಬಣ್ಣವಿರಕೂಡದು. ಆ ಪಟ್ಟಿಗಳನ್ನು ತೆಗೆದು ಹೊಸ ಮರದ ಪಟ್ಟಿಗಳನ್ನು ಕೂರಿಸುವುದು ಉತ್ತಮ.

ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳಂತೆ ಚಿತ್ರ ಬರೆದ ಹಳೆಯ ತೊಟ್ಟಿಲು ಮನೆಯಲ್ಲಿದ್ದರೆ ಅದನ್ನು ಕೆರೆದು ಹಾಳುಮಾಡಬೇಡಿ. ಅದು ಕಲೆಯ ಆಸ್ತಿ. ನಾಮಕರಣದ ಶಾಸ್ತ್ರಕ್ಕೆ ಮಾತ್ರ, ಶುಭ್ರವಾದ ದಪ್ಪ ಬಟ್ಟೆ ಹಾಸಿ ಸ್ವಲ್ಪ ಹೊತ್ತು ಮಗುವನ್ನು ಅದರಲ್ಲಿ ಮಲಗಿಸಿ; ದಿನನಿತ್ಯದ ನಿದ್ರೆಗೆ ಬೇರೆ ಏರ್ಪಾಟು ಮಾಡಿ.

ಬಣ್ಣ ತೆಗೆಯುವ ಕ್ರಮ

ಬಣ್ಣವನ್ನು ತೆಗೆಯಲೇಬೇಕಾದಲ್ಲಿ ಈ ಕ್ರಮವನ್ನು ತಪ್ಪದೆ ಅನುಸರಿಸಿ.

ನೆಲದ ಮೇಲೆ ದಪ್ಪನಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ. ಗಾಳಿ ಬೀಸುವ ದಿನ ಕೆಲಸ ಬೇಡ. ಎನ್-95 ಮುಖಗವಸನ್ನು ಧರಿಸಿ. ಟವೆಲು ಸುತ್ತಿಕೊಂಡರೆ ಈ ಸೂಕ್ಷ್ಮ ಧೂಳು ನಿಲ್ಲುವುದಿಲ್ಲ. ಹಳೆಯ ಬಟ್ಟೆಯೊಂದನ್ನು ಈ ಕೆಲಸಕ್ಕೆಂದೇ ಮೀಸಲಿಡಿ.

ಬಣ್ಣದ ಮೇಲೆ ಸಾಬೂನು ನೀರನ್ನು ಚಿಮುಕಿಸಿ, ಚೆನ್ನಾಗಿ ನೆನೆದ ಮೇಲೆ ಸಡಿಲವಾದ ಚಕ್ಕೆಗಳನ್ನು ಮೊಂಡಾದ ಪಟ್ಟಿಯಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ನೀರಿನಲ್ಲಿ ಬಳಸುವ ಉಪ್ಪುಕಾಗದದಿಂದ, ಅಂದರೆ ಅಂಗಡಿಗಳಲ್ಲಿ ವಾಟರ್ ಪೇಪರ್ ಎಂದು ಕರೆಯುವುದರಿಂದ, ಉಜ್ಜಿ. ಮರವು ಯಾವ ಗಳಿಗೆಯಲ್ಲಿಯೂ ಒಣಗಬಾರದು. ಒಣಗುತ್ತ ಬಂದರೆ ಪುನಃ ನೀರು ಚಿಮುಕಿಸಿ. ಯಂತ್ರದಿಂದ ಉಜ್ಜುವುದು, ಬೆಂಕಿಯ ಜ್ವಾಲೆಯಿಂದ ಬಣ್ಣವನ್ನು ಸುಡುವುದು ಇವೆರಡೂ ನಿಷಿದ್ಧ.

ಕೆಲಸದ ನಡುವೆ ಬೀಡಿ ಸೇದುವುದು, ಎಲೆ ಅಡಿಕೆ ಹಾಕಿಕೊಳ್ಳುವುದು, ಕಾಫಿ ತಿಂಡಿ ಸೇವಿಸುವುದು ಬೇಡ. ಕೈಯಲ್ಲಿರುವ ಸೀಸವು ಬಾಯಿಗೆ ಹೋಗುವುದು ಹೀಗೆಯೇ. ಕೆಲಸ ಮುಗಿದೊಡನೆ ಅಲ್ಲಿಯೇ ಬಟ್ಟೆಯನ್ನು ಕಳಚಿ, ಸಾಬೂನಿನಿಂದ ಕೈ ಮುಖಗಳನ್ನು ತೊಳೆದು, ಸ್ನಾನ ಮಾಡಿದ ಬಳಿಕವೇ ಮನೆಯವರನ್ನು ಮುಟ್ಟಬೇಕು. ಆ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಡನೆ ಒಗೆಯಕೂಡದು.

ಚಕ್ಕೆಗಳು, ಉಪ್ಪುಕಾಗದ, ಒರೆಸಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ ಇವೆಲ್ಲವನ್ನೂ ಒದ್ದೆಯಾಗಿರುವಾಗಲೇ ಸುತ್ತಿ ಚೀಲದಲ್ಲಿ ಕಟ್ಟಿ. ಇದನ್ನು ತಿಪ್ಪೆಗೆ ಎಸೆಯಬೇಡಿ. ಗೊಬ್ಬರದೊಡನೆ ಹೊಲವನ್ನು ಸೇರುತ್ತದೆ. ಒಲೆಗೂ ಹಾಕಬೇಡಿ. ಗ್ರಾಮ ಪಂಚಾಯಿತಿಯ ಕಸ ಸಂಗ್ರಹಿಸುವವರಿಗೆ ಇದು ಅಪಾಯಕಾರಿ ಕಸವೆಂದು ತಿಳಿಸಿ ಪ್ರತ್ಯೇಕವಾಗಿ ಒಪ್ಪಿಸಿ. ಕೊನೆಗೆ ತೊಟ್ಟಿಲನ್ನು ಸಾಬೂನು ನೀರಿನಿಂದಲೂ ಅನಂತರ ಶುದ್ಧ ನೀರಿನಿಂದಲೂ ಒರೆಸಿ, ಕೆಲವು ದಿನ ನೆರಳಿನಲ್ಲಿ ಒಣಗಿಸಿ.

ಹೊಸ ಲೇಪ ಯಾವುದು?

ನುಣುಪಾದ ಬರಿಯ ಮರವೇ ಮಗುವಿಗೆ ಸಾಕು. ಬಣ್ಣವಿಲ್ಲವೆಂದು ಯಾವ ಮಗುವೂ ಅಳುವುದಿಲ್ಲ. ಲೇಪ ಬೇಕೆನಿಸಿದರೆ ಅರಗಿನ ಪಾಲಿಶ್ ಒಳ್ಳೆಯದು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಬರುವುದು ಅರಗಿನಿಂದಲೇ. ಆದರೆ ಪಾಲಿಶ್ ಮಾಡಲು ಅರಗನ್ನು ಕರಗಿಸುವ ಸ್ಪಿರಿಟ್ಟು ವಿಷ. ಬೇಗ ಬೆಂಕಿ ಹಿಡಿಯುವಂಥದು. ಅದನ್ನು ಮಕ್ಕಳ ಕೈಗೂ ಒಲೆಗೂ ದೂರವಿಡಿ. ಹಸಿ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರುವುದೂ ಉಂಟು. ಇದು ಒಣಗಲು ಹಲವು ದಿನಗಳು ಬೇಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಇಟ್ಟರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ್ದರಿಂದ, ಅದನ್ನು ಬಯಲಿನಲ್ಲಿ ಬಿಡಿಸಿ ಒಣಗಿಸಬೇಕು.

ಬಣ್ಣವನ್ನೇ ಬಳಿಯುವುದಾದರೆ ಮನೆಬಳಕೆಯ ಬಣ್ಣವನ್ನು ಕೊಂಡು, ಸೀಸವು 90 ಭಾಗಗಳ ಮಿತಿಯೊಳಗಿದೆಯೆಂದು ಡಬ್ಬಿಯ ಮೇಲೆ ಬರೆದಿದೆಯೇ ಎಂದು ಓದಿ ನೋಡಿ. ಟ್ರ್ಯಾಕ್ಟರಿಗೋ ಪಂಪ್‌ಸೆಟ್ಟಿಗೋ ತಂದು ಉಳಿದ ಬಣ್ಣವನ್ನು ತೊಟ್ಟಿಲಿಗೆ ಬಳಿಯಬೇಡಿ. ವಾಹನ, ಯಂತ್ರಗಳಿಗೆ ಬಳಸುವ ಬಣ್ಣಗಳು 2016ರ ನಿಯಮದ ವ್ಯಾಪ್ತಿಗೆ ಬರಲಿಲ್ಲ. ಹಾಗೆಯೇ ಬಳಸಿ ಬಿಟ್ಟ ಎಂಜಿನ್ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಇವು ಗೆದ್ದಲನ್ನು ತಡೆಯಬಹುದಾದರೂ ಮಗುವಿನ ಚರ್ಮಕ್ಕೆ ತಗಲಬಾರದ ವಸ್ತುಗಳು.

ಹಳೆಯ ತೊಟ್ಟಿಲಿನ ಸಂದುಗಳಲ್ಲಿ ತಿಗಣೆ ಇದ್ದರೆ ಕುದಿಯುವ ನೀರನ್ನು ಹೊಯ್ದು, ಬಿಸಿಲಿನಲ್ಲಿ ಒಣಗಿಸಿ. ಕೀಟನಾಶಕ ಬೇಡ. ಅಟ್ಟದಲ್ಲಿಡುವಾಗ ಹಿಂದೆ ಗಮ್ಯಾಕ್ಸಿನ್ ಪುಡಿ ಎರಚುತ್ತಿದ್ದ ಮನೆಗಳುಂಟು. ಅದರ ಮೂಲವಸ್ತುವಾದ ಬಿ.ಎಚ್.ಸಿ.ಯನ್ನು 1997ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಅಂತಹ ಪುಡಿ ಹಾಕಿಟ್ಟಿದ್ದ ತೊಟ್ಟಿಲನ್ನು ಮಗುವಿಗೆ ಬಳಸದಿರುವುದೇ ಕ್ಷೇಮ.

ಮಗುವನ್ನು ಮಲಗಿಸುವಾಗ

ತೊಟ್ಟಿಲು ಸಿದ್ಧವಾಯಿತೆಂದು ಎಚ್ಚರಿಕೆ ಮುಗಿಯಲಿಲ್ಲ. ಮಗುವನ್ನು ಅಂಗಾತ ಮಲಗಿಸಿ. ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿರಲಿ. ದಿಂಬು, ದಪ್ಪ ಕೌದಿ, ಬಟ್ಟೆಯ ಗಂಟು ಇವು ಉಸಿರು ಕಟ್ಟಿಸಬಹುದು. ಉದ್ದನೆಯ ದಾರ, ಮಣಿಸರ, ಹಳೆಯ ಬಣ್ಣದ ಗಿಳಿ ಗೊಂಬೆಗಳ ಗೊಂಚಲು ಮಗುವಿನ ಕೈಗೆ ಎಟುಕುವಂತೆ ತೂಗುಬಿಡಬೇಡಿ. ಮಗು ಮಗ್ಗುಲಾಗಲು ಅಥವಾ ಕೈಯೂರಿ ಏಳಲು ಕಲಿತೊಡನೆ, ಅಂದರೆ ಸುಮಾರು ಐದನೆಯ ತಿಂಗಳಿನೊಳಗೆ, ತೂಗುತೊಟ್ಟಿಲಿನ ಬಳಕೆಯನ್ನು ನಿಲ್ಲಿಸಿ. ತೊಟ್ಟಿಲು ಸರಿಯಿಲ್ಲವೆಂದು ಕಂಡಲ್ಲಿ ನೆಲದ ಮೇಲೆ ಶುಭ್ರವಾದ ಚಾಪೆ ಹಾಸಿ ಮಲಗಿಸಿದರೂ ಮಗುವಿಗೆ ಯಾವ ಕೊರತೆಯೂ ಇಲ್ಲ.

ಬಾಣಂತಿ ಕೋಣೆಯ ಕಿಟಕಿ ಬಾಗಿಲುಗಳ ಹಳೆಯ ಬಣ್ಣಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಆ ಕೋಣೆಯ ನೆಲವನ್ನು ಒಣಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಆಹಾರವೂ ಒಂದು ಕಾಪು

ಕಬ್ಬಿಣಾಂಶವೂ ಸುಣ್ಣದಂಶವೂ ಸಾಲದ ಶರೀರವು ಸೀಸವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದುದರಿಂದ ಗರ್ಭಿಣಿಯು ರಾಗಿ, ಹುರುಳಿ, ನುಗ್ಗೆಸೊಪ್ಪು, ಹಾಲು ಮಜ್ಜಿಗೆಗಳನ್ನು ಧಾರಾಳವಾಗಿ ಸೇವಿಸಲಿ. ಆರೋಗ್ಯ ಇಲಾಖೆಯು ಉಚಿತವಾಗಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನವೂ, ಹೆರಿಗೆಯ ಬಳಿಕ ಮತ್ತೆ 180 ದಿನವೂ ತಪ್ಪದೆ ನುಂಗಬೇಕು. ಸುಣ್ಣದಂಶದ ಮಾತ್ರೆಯನ್ನು ಅದರೊಡನೆ ತೆಗೆದುಕೊಳ್ಳದೆ ಎರಡು ಗಂಟೆಯ ಅಂತರವಿಡಬೇಕು.

ಈಗಾಗಲೇ ಮನೆಯೊಳಗೆ ಹಳೆಯ ಬಣ್ಣವನ್ನು ಒಣಗಿದಂತೆ ಕೆರೆದಿದ್ದರೆ, ಅಥವಾ ಮಗುವು ಚಕ್ಕೆಗಳನ್ನು ತಿಂದಿದ್ದರೆ ಮುಚ್ಚಿಡಬೇಡಿ, ಗಾಬರಿಯೂ ಬೇಡ. ಮಗುವನ್ನು ಆ ಸ್ಥಳದಿಂದ ದೂರ ಮಾಡಿ, ನೆಲವನ್ನು ಒದ್ದೆ ಬಟ್ಟೆಯಿಂದ ಹಲವು ಬಾರಿ ಒರೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ. ರಕ್ತಪರೀಕ್ಷೆಯಿಂದ ಸೀಸದ ಪ್ರಮಾಣವನ್ನು ಅಳೆಯಬಹುದು. ಅದನ್ನು ಎಲ್ಲಿ ಮಾಡಿಸಬೇಕೆಂದು ಅವರನ್ನೇ ಕೇಳಿ. ವೈದ್ಯರು ಹೇಳದೆ ಎದೆಹಾಲನ್ನು ಮಾತ್ರ ನಿಲ್ಲಿಸಬೇಡಿ.

ಈಗ ಮೊದಲಿನ ದೃಶ್ಯವನ್ನು ಪುನಃ ನೆನೆಯೋಣ. ಸೀಮಂತ ಮುಗಿಸಿ ಮಗಳು ತವರಿಗೆ ಬರುವ ಮುನ್ನವೇ ತೊಟ್ಟಿಲು ಬಡಗಿಯ ಕೊಟ್ಟಿಗೆಯನ್ನು ಸೇರಿದೆ. "ಇಷ್ಟು ಬೇಗ ತೊಟ್ಟಿಲು ಯಾಕೆ ಇಳಿಸಿದಿರಿ?" ಎಂದು ಅಜ್ಜಿ ಕೇಳುತ್ತಾರೆ. "ಮನೆಗೆ ಈಗ ತರೋದಿಲ್ಲ ಕಣೆ. ಹೆಸರಿಡೋ ದಿನವೇ ತರೋಣ. ಧೂಳೆಲ್ಲ ಅಲ್ಲೇ ಕಳೆದುಹೋಗಲಿ" ಎನ್ನುತ್ತಾರೆ ತಾತ. ಹಂಡೆಯ ಒಲೆಗೆ ತೋಟದ ಸೌದೆಯೇ ಸಾಕಾಗುತ್ತದೆ.

ಒಂದು ಮಗುವಿಗೂ ಮತ್ತೊಂದು ಮಗುವಿಗೂ ಕನಿಷ್ಠ ಮೂರು ವರ್ಷಗಳ ಅಂತರವಿರಲೆಂದು ಆರೋಗ್ಯ ಇಲಾಖೆಯು ಹೇಳುತ್ತದೆ. ಆ ಮೂರು ವರ್ಷವೂ ತೊಟ್ಟಿಲನ್ನು ಒಣ ಬಟ್ಟೆಯಲ್ಲಿ ಸುತ್ತಿ, ಕೀಟನಾಶಕ ಹಾಕದೆ ಜೋಪಾನವಾಗಿಡಿ. ಮುಂದಿನ ಕೂಸಿಗೆ ಅದನ್ನು ಇನ್ನೊಮ್ಮೆ ಕೆರೆಯುವ ಪ್ರಮೇಯವೇ ಬಾರದು.

ಪತಿಪತ್ನಿಯರು ಕೂಡಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯ ತೊಟ್ಟಿಲಿಗೆ, ಕಿಟಕಿ ಬಾಗಿಲುಗಳಿಗೆ ಯಾವ ವರ್ಷದಲ್ಲಿ ಬಣ್ಣ ಬಳಿದದ್ದು?
2. ತೊಟ್ಟಿಲಿನ ಕೆಲಸವನ್ನು ಯಾವ ತಿಂಗಳಲ್ಲಿ, ಎಲ್ಲಿ, ಯಾರಿಂದ ಮಾಡಿಸೋಣ?
3. ಬಣ್ಣ ಹತ್ತಿದ ಮರವನ್ನು ಒಲೆಗೆ ಏಕೆ ಹಾಕಬಾರದೆಂಬುದನ್ನು ಮನೆಯ ಹಿರಿಯರಿಗೆ ಹೇಗೆ ತಿಳಿಸೋಣ?
4. ಕಡ್ಡಿಗಳ ನಡುವಣ ಅಂತರವನ್ನು ಅಳೆದು ನೋಡಿದ್ದೇವೆಯೇ?

ಸಂದೇಹವಿದ್ದಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಕೋಚವಿಲ್ಲದೆ ವಿಚಾರಿಸಿರಿ.